ಸುಲ್ತಾನನ ಚದುರಂಗ: ‘ತುಘಲಕ್’ ನಾಟಕ, ಯಂತ್ರಬುದ್ಧಿ ಮತ್ತು ನಾಯಕತ್ವದ ಪ್ರಶ್ನೆ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಎರಡನೆಯ ದೃಶ್ಯದಲ್ಲಿ ಸುಲ್ತಾನ ಮಹಮ್ಮದನು ಚದುರಂಗದ ಹಾಸಿನ ಮೇಲೆ ಬಾಗಿ ಕುಳಿತಿದ್ದಾನೆ. ಹಿಂದಿನ ಕಾಲದ ಅರಬ್ ಪಂಡಿತರಿಗೂ ಬಿಡಿಸಲಾಗದ ಒಂದು ಸಮಸ್ಯೆಯನ್ನು ಅವನು ಬಿಡಿಸಿದ್ದಾನೆ. ಆ ಸಂತೋಷವನ್ನು ಹಂಚಿಕೊಳ್ಳಲು ಅವನಿಗೆ ನೆನಪಾಗುವವನು ಬಾಲ್ಯದ ಗೆಳೆಯ, ಚದುರಂಗದಲ್ಲಿ ತನಗೆ ಸರಿಸಮನಾದ ಐನುಲ್‌ಮುಲ್ಕ್. ಆದರೆ ಆ ಗೆಳೆಯನೇ ಆ ಹೊತ್ತಿನಲ್ಲಿ ಸೈನ್ಯ ಕಟ್ಟಿಕೊಂಡು ದಿಲ್ಲಿಯತ್ತ ಬರುತ್ತಿದ್ದಾನೆ. ಹಲಗೆಯ ಮೇಲಿನ ಸಮಸ್ಯೆ ಬಿಡಿಸಿದ ಗಳಿಗೆಯಲ್ಲಿಯೇ ಹಲಗೆಯ ಹೊರಗಿನ ಸಮಸ್ಯೆ ಬಾಗಿಲಿಗೆ ಬಂದು ನಿಂತಿದೆ. ನಾಟಕದ ಓದುಗರು ಸಾಮಾನ್ಯವಾಗಿ ಈ ಭಾಗವನ್ನು ಸುಲ್ತಾನನ ಪ್ರತಿಭೆಯ ಪರಿಚಯವೆಂದು ಗ್ರಹಿಸಿ ಮುಂದೆ ಸಾಗುತ್ತಾರೆ. ಆರು ದಶಕಗಳ ನಂತರ, ಆಡಳಿತದ ತೀರ್ಮಾನಗಳನ್ನು ಗಣಕಯಂತ್ರಗಳಿಗೆ ಒಪ್ಪಿಸುವ ಪ್ರವೃತ್ತಿ ಬಲವಾಗುತ್ತಿರುವ ಸಂದರ್ಭದಲ್ಲಿ, ಈ ಚದುರಂಗದ ಹಾಸು ಬೇರೊಂದು ಬಗೆಯ ಗಮನವನ್ನು ಬೇಡುತ್ತದೆ.

‘ತುಘಲಕ್’ ಕುರಿತ ವಿಮರ್ಶೆಯ ಮುಖ್ಯಧಾರೆ ಅದನ್ನು ಸ್ವಾತಂತ್ರ್ಯೋತ್ತರ ಭಾರತದ ಭ್ರಮನಿರಸನದ ನಾಟಕವೆಂದು ಓದಿದೆ. ನಾಟಕದ ಇಂಗ್ಲಿಷ್ ಆವೃತ್ತಿಗೆ ಬರೆದ ಪ್ರಸ್ತಾವನೆಯಲ್ಲಿ ಯು.ಆರ್. ಅನಂತಮೂರ್ತಿ ಅವರು ನೆಹರೂ ಯುಗದ ಆದರ್ಶವಾದ ಹಾಗೂ ಅದರ ನಂತರದ ನಿರಾಸೆಯೊಂದಿಗೆ ಕೃತಿಯನ್ನು ಜೋಡಿಸಿದರು. ಆ ಓದು ಇಂದಿಗೂ ಪಠ್ಯಕ್ರಮಗಳಲ್ಲಿ ಉಳಿದಿದೆ. ಇನ್ನೊಂದೆಡೆ, ಕನ್ನಡದ ದಿನಪತ್ರಿಕೆಗಳಲ್ಲಿ ‘ತುಘಲಕ್ ದರ್ಬಾರು’ ಎಂಬ ಮಾತು ವಿವೇಕವಿಲ್ಲದ ಅಧಿಕಾರಕ್ಕೆ ಪರ್ಯಾಯ ಪದವಾಗಿ ಸವೆದುಹೋಗಿದೆ. ಈ ಎರಡನೆಯ ಬಳಕೆ ನಾಟಕಕ್ಕೆ ಅನ್ಯಾಯ ಮಾಡುತ್ತದೆ ಎನ್ನಬೇಕು. ಕಾರ್ನಾಡರ ಸುಲ್ತಾನನು ಅವಿವೇಕಿ ಎನ್ನುವ ಅರ್ಥದಲ್ಲಿ ಮೂರ್ಖನಲ್ಲ. ಅವನ ಯೋಜನೆಗಳೆಲ್ಲಕ್ಕೂ ಕಾರಣಗಳಿವೆ, ಆ ಕಾರಣಗಳು ತರ್ಕಬದ್ಧವಾಗಿವೆ. ಅಷ್ಟು ಒಳ್ಳೆಯ ತರ್ಕ ಅಷ್ಟು ಹೆಣಗಳನ್ನು ಹೇಗೆ ಉರುಳಿಸಿತು ಎಂಬುದೇ ನಾಟಕದ ನಿಜವಾದ ಪ್ರಶ್ನೆ.

ಚದುರಂಗಕ್ಕೂ ಯಂತ್ರಬುದ್ಧಿಯ ಚರಿತ್ರೆಗೂ ಇರುವ ನಂಟು ಆಕಸ್ಮಿಕವಲ್ಲ. ಗಣಕವು ಚದುರಂಗ ಆಡುವ ಬಗೆಯನ್ನು ಕುರಿತು ಕ್ಲಾಡ್ ಶಾನನ್ ಬರೆದ ಪ್ರಬಂಧ ಪ್ರಕಟವಾದದ್ದು 1950ರಲ್ಲಿ. 1997ರ ಮೇ ತಿಂಗಳಲ್ಲಿ ‘ಡೀಪ್ ಬ್ಲೂ’ ಯಂತ್ರವು ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸರಣಿಯಲ್ಲಿ ಸೋಲಿಸಿತು. 2017ರಲ್ಲಿ ‘ಆಲ್ಫಾಜೀರೊ’ ಆಟದ ನಿಯಮಗಳನ್ನು ಮಾತ್ರ ತಿಳಿದು, ತನ್ನೊಡನೆ ತಾನೇ ಆಡಿ, ಕೆಲವೇ ಗಂಟೆಗಳಲ್ಲಿ ಆ ಕಾಲದ ಪ್ರಬಲ ಚದುರಂಗ ತಂತ್ರಾಂಶವನ್ನು ಮೀರಿಸಿತು. ಈ ಸಾಧನೆ ಸಣ್ಣದಲ್ಲ. ಆದರೆ ಚದುರಂಗದ ಲೋಕದಲ್ಲಿ ಪ್ರತಿ ಕಾಯಿಯ ನಡೆಯೂ ಮೊದಲೇ ನಿಗದಿಯಾಗಿದೆ. ಕುದುರೆಗೆ ತಾನು ಕುದುರೆಯಾಗಿರಲಾರೆ ಎನ್ನಿಸುವುದಿಲ್ಲ. ಕಾಲಾಳಿಗೆ ಆಡುವವನ ಮುಖ ನೋಡಿ ಅವನ ಮನಸ್ಸನ್ನು ಓದುವ ಶಕ್ತಿಯಿಲ್ಲ. ಗೆಲುವೆಂದರೇನು ಎಂಬುದರಲ್ಲಿ ವಿವಾದವಿಲ್ಲ. ಆಳ್ವಿಕೆಯಲ್ಲಿ ಈ ಮೂರೂ ಇಲ್ಲವೆಂಬ ಮಾತು ಹೇಳುವುದಕ್ಕೆ ಸುಲಭ. ಅದನ್ನು ಅನುಭವವಾಗಿ ಕಾಣಿಸುವುದು ಕಲೆಯ ಕೆಲಸ.

ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ನಾಯಕರಾಗುವವರಿಗೆ ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರಗಳ ಅಭ್ಯಾಸ ಅಗತ್ಯ ಎಂಬ ವಾದ ಈಚೆಗೆ ವಿಶ್ವವಿದ್ಯಾಲಯಗಳಲ್ಲಿಯೂ ನಿರ್ವಹಣಾ ಸಂಸ್ಥೆಗಳಲ್ಲಿಯೂ ಕೇಳಿಬರುತ್ತಿದೆ. ಯಂತ್ರಕ್ಕೆ ಲೆಕ್ಕ, ಮನುಷ್ಯನಿಗೆ ಸಹಾನುಭೂತಿ ಎಂಬ ಹಂಚಿಕೆ ಈ ವಾದದ ತಳಹದಿ. ಮಾನವಿಕಗಳ ಅಧ್ಯಾಪಕರಿಗೆ ಇದು ಹಿತವಾದ ಮಾತು. ಬಹುಶಃ ಅಷ್ಟು ಹಿತವಾಗಿರುವ ಕಾರಣಕ್ಕೇ ಅದನ್ನು ಪರೀಕ್ಷಿಸಬೇಕಾಗಿದೆ. ಪರೀಕ್ಷೆಗೆ ‘ತುಘಲಕ್’ಗಿಂತ ಕಠಿಣವಾದ ಒರೆಗಲ್ಲು ಕನ್ನಡದಲ್ಲಿ ಇನ್ನೊಂದಿಲ್ಲ. ಏಕೆಂದರೆ ಮಾನವಿಕಗಳು ಕೊಡಬಲ್ಲವೆಂದು ಹೇಳಲಾಗುವ ಸಮಸ್ತವೂ ಈ ಸುಲ್ತಾನನ ಬಳಿ ಇದೆ. ಅವನು ಗ್ರೀಕ್ ತತ್ತ್ವಜ್ಞಾನಿಗಳನ್ನು ಓದಿದ್ದಾನೆ, ಪಾರಸಿ ಕಾವ್ಯದಲ್ಲಿ ಮುಳುಗಿದ್ದಾನೆ. ಅವನ ಪಕ್ಕದಲ್ಲಿ ಒಬ್ಬ ಚರಿತ್ರಕಾರನಿದ್ದಾನೆ. ಸಾದಿಯ ಕಾವ್ಯದಿಂದ ಪ್ರೇರಿತನಾಗಿ, ಒಂದೊಂದು ಗುಲಾಬಿಯೂ ಒಂದೊಂದು ಕವಿತೆಯಾಗಲೆಂದು ಉದ್ಯಾನವನ್ನು ಬೆಳೆಸಿದ್ದಾನೆ. ಕೊನೆಗೆ ಆ ಉದ್ಯಾನದಲ್ಲಿಯೇ, ರಾಜ್ಯದ ಮೂಲೆಮೂಲೆಗಳಿಂದ ಬಂಡಿಗಳಲ್ಲಿ ಬಂದ ಖೋಟಾ ನಾಣ್ಯಗಳನ್ನು ರಾಶಿ ಹಾಕಿಸುತ್ತಾನೆ. ಕಾವ್ಯಪ್ರೇಮವು ಆಳುವವನನ್ನು ತಾನಾಗಿಯೇ ಮೃದುಗೊಳಿಸುತ್ತದೆ ಎಂದು ನಂಬುವವರು ಈ ದೃಶ್ಯಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇಲ್ಲಿ ಒಂದು ಜೀವನಚರಿತ್ರೆಯ ಸಂಗತಿಯನ್ನು ನೆನೆಯಬಹುದು. ಆಕ್ಸ್‌ಫರ್ಡಿಗೆ ಹೋಗುವ ಮುನ್ನ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು. ಲೆಕ್ಕದ ಆಕರ್ಷಣೆಯನ್ನು ಹೊರಗೆ ನಿಂತು ನಿಂದಿಸಿದವರ ನಾಟಕ ಇದಲ್ಲ. ಸಮಸ್ಯೆ ಬಿಡಿಸಿದವನ ಮುಖದ ಮೇಲಿನ ಬೆಳಕನ್ನು ಬಲ್ಲವರು ಬರೆದದ್ದು. ಸುಲ್ತಾನನ ಚದುರಂಗದ ಸಂತೋಷದಲ್ಲಿ ವ್ಯಂಗ್ಯದ ಸೋಂಕಿಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಐನುಲ್‌ಮುಲ್ಕನ ದಂಗೆಯನ್ನು ಸುಲ್ತಾನನು ಎದುರಿಸುವ ರೀತಿಯೂ ಚದುರಂಗದ್ದೇ. ತನ್ನನ್ನು ಬಹಿರಂಗವಾಗಿ ಖಂಡಿಸುತ್ತಿದ್ದ ಶೇಖ್ ಇಮಾಮುದ್ದೀನನು ರೂಪದಲ್ಲಿ ತನ್ನನ್ನೇ ಹೋಲುತ್ತಾನೆ. ಅವನಿಗೆ ರಾಜವಸ್ತ್ರ ತೊಡಿಸಿ ಸಂಧಾನಕ್ಕೆಂದು ಕಳುಹಿಸಿದರೆ ಶತ್ರುವು ಸುಲ್ತಾನನೇ ಬಂದನೆಂದು ಭ್ರಮಿಸುತ್ತಾನೆ. ಒಂದೇ ನಡೆಯಲ್ಲಿ ಇಬ್ಬರು ವಿರೋಧಿಗಳು ತೀರುತ್ತಾರೆ. ಯೋಜನೆ ಫಲಿಸುತ್ತದೆ, ಶೇಖ ಸಾಯುತ್ತಾನೆ, ಗೆಳೆಯನಿಗೆ ಕ್ಷಮೆ ದೊರೆಯುತ್ತದೆ. ಆಟವಾಗಿ ನೋಡಿದರೆ ಇದು ದೋಷವಿಲ್ಲದ ನಡೆ. ಆದರೆ ಇದನ್ನು ಕಂಡವರೆಲ್ಲರೂ ಇದರಿಂದ ಕಲಿಯುತ್ತಾರೆ. ಅಮೀರರು ಕಲಿಯುತ್ತಾರೆ, ಅವರ ಪ್ರೇರಣೆಯಿಂದ ಶಿಹಾಬುದ್ದೀನನು ಕಲಿಯುತ್ತಾನೆ. ಮುಂದಿನ ಸಂಚು ಹುಟ್ಟುವುದು ಹಿಂದಿನ ನಡೆಯ ಯಶಸ್ಸಿನಿಂದಲೇ. ಹಲಗೆಯ ಮೇಲೆ ತೆಗೆದಿಟ್ಟ ಕಾಯಿ ಆಟದಿಂದ ಹೊರಗೆ ಹೋಗುತ್ತದೆ. ರಾಜ್ಯದಲ್ಲಿ ಸತ್ತವನು ಕಥೆಯಾಗಿ ಮರಳಿ ಬರುತ್ತಾನೆ.

ಈ ತಿಳಿವಳಿಕೆಯ ಪರಾಕಾಷ್ಠೆ ಅಜೀಜನ ಪಾತ್ರ. ನಾಟಕದ ಅತ್ಯಂತ ಸೂಕ್ಷ್ಮ ಓದುಗ ಬರನಿಯಲ್ಲ, ಈ ಅಗಸನು. ಅವನು ಓದುವುದು ಕಾವ್ಯವನ್ನಲ್ಲ, ರಾಜಾಜ್ಞೆಗಳನ್ನು. ನ್ಯಾಯದ ಮುಂದೆ ಹಿಂದೂ ಮುಸಲ್ಮಾನರು ಸಮಾನರು, ಸುಲ್ತಾನನ ಮೇಲೆಯೂ ದಾವೆ ಹೂಡಬಹುದು ಎಂಬ ಘೋಷಣೆ ಹೊರಟೊಡನೆ, ಆ ಘೋಷಣೆಗೆ ಒಂದು ಉದಾಹರಣೆ ಬೇಕಾಗಿದೆಯೆಂದು ಅವನು ಅರಿಯುತ್ತಾನೆ. ದಾವೆ ಹೂಡುವವನು ಮುಸಲ್ಮಾನನಾದರೆ ಸುಲ್ತಾನನ ಉದ್ದೇಶ ಪೂರ್ತಿ ನೆರವೇರುವುದಿಲ್ಲ, ಬ್ರಾಹ್ಮಣನಾದರೆ ನೆರವೇರುತ್ತದೆ. ಆದ್ದರಿಂದ ಅವನು ವಿಷ್ಣುಪ್ರಸಾದನೆಂಬ ಬ್ರಾಹ್ಮಣನಾಗಿ, ದಾವೆ ಗೆದ್ದು, ಹಣವನ್ನೂ ಸರಕಾರಿ ಹುದ್ದೆಯನ್ನೂ ಪಡೆಯುತ್ತಾನೆ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಎಂಬ ಸುದ್ದಿ ಬಂದಾಗ ಅವನ ಯೋಚನೆ ಖೋಟಾ ನಾಣ್ಯದತ್ತ ಓಡುತ್ತದೆ. ಖಲೀಫರ ವಂಶಸ್ಥನನ್ನು ಸುಲ್ತಾನನು ಆಹ್ವಾನಿಸಿದಾಗ ಆ ವಂಶಸ್ಥನನ್ನು ಕೊಂದು ತಾನೇ ಅವನಾಗಿ ರಾಜಧಾನಿಗೆ ಬರುತ್ತಾನೆ. ಸಿಕ್ಕಿಬಿದ್ದಾಗ, ತಾನೇ ಸುಲ್ತಾನನ ನಿಜವಾದ ಶಿಷ್ಯ, ಅವನ ಪ್ರತಿಯೊಂದು ಆಜ್ಞೆಯನ್ನೂ ಅಭ್ಯಾಸ ಮಾಡಿದವನು ತಾನೊಬ್ಬನೇ ಎಂದು ವಾದಿಸುತ್ತಾನೆ. ಆ ವಾದದಲ್ಲಿ ಸುಳ್ಳಿಲ್ಲ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯನ್ನು ಕುರಿತು ಮಾಡಿದ ಒಂದು ವಿಶ್ಲೇಷಣೆ ಈಗ ಅವರ ಹೆಸರಿನ ನಿಯಮವಾಗಿಯೇ ಪ್ರಸಿದ್ಧವಾಗಿದೆ. ಯಾವುದೇ ಅಳತೆಯನ್ನು ನಿಯಂತ್ರಣದ ಗುರಿಯಾಗಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ಯಂತ್ರಬುದ್ಧಿಯ ಸಂಶೋಧಕರು ಇಂದು ಈ ನಿಯಮವನ್ನು ಪದೇಪದೇ ಸ್ಮರಿಸುತ್ತಾರೆ. ಯಂತ್ರಕ್ಕೆ ಒಂದು ಅಂಕವನ್ನು ಹೆಚ್ಚಿಸಲು ಹೇಳಿದರೆ ಅದು ಅಂಕವನ್ನು ಹೆಚ್ಚಿಸುತ್ತದೆ, ಉದ್ದೇಶವನ್ನು ಅಲ್ಲ. ಕಾರ್ನಾಡರು ಈ ಸಂಗತಿಯನ್ನು ಹನ್ನೊಂದು ವರ್ಷ ಮೊದಲು ಒಬ್ಬ ಅಗಸನ ಪಾತ್ರವಾಗಿ ಬರೆದಿದ್ದರು ಎಂದರೆ ಉತ್ಪ್ರೇಕ್ಷೆಯಾಗಲಾರದು. ಒಂದು ವ್ಯತ್ಯಾಸವುಂಟು. ಅಜೀಜನಿಗೆ ಹಸಿವೂ ಅವಮಾನವೂ ಗೊತ್ತಿವೆ, ಆದ್ದರಿಂದಲೇ ಅವನ ಓದು ಅಷ್ಟು ಚುರುಕಾಗಿದೆ. ಜನರನ್ನು ಎಣಿಸುವ ಆಡಳಿತಗಾರನು ಮರೆಯುವುದು, ಎಣಿಕೆಗೆ ಒಳಗಾದವರೂ ತನ್ನನ್ನು ಓದುತ್ತಿದ್ದಾರೆ ಎಂಬುದನ್ನು.

ಅಜೀಜನಂತೆ ಓದಲು ಬಾರದವರ ಕಥೆ ಬೇರೆ. ದಿಲ್ಲಿಯಿಂದ ದೌಲತಾಬಾದಿಗೆ ಹೋಗುವ ದಾರಿಯ ಬಿಡಾರದ ದೃಶ್ಯದಲ್ಲಿ ಒಬ್ಬ ಹೆಂಗಸು ಸಾಯುತ್ತಿರುವ ಕೂಸನ್ನು ಎತ್ತಿಕೊಂಡು ಬಂದು, ವೈದ್ಯನ ಬಳಿಗೆ ಹೋಗಿಬರಲು ಅಪ್ಪಣೆ ಬೇಡುತ್ತಾಳೆ. ಬಿಡಾರದ ಅಧಿಕಾರಿ ವೇಷಧಾರಿ ಅಜೀಜನೇ. ಯಾರೂ ಬಿಡಾರ ಬಿಟ್ಟು ಹೋಗಕೂಡದೆಂಬ ಆಜ್ಞೆಯನ್ನು ಅವನು ಮುಂದಿಡುತ್ತಾನೆ. ಹಣ ಕೊಟ್ಟರೆ ಆಜ್ಞೆ ಸಡಿಲವಾಗುತ್ತದೆಂದೂ ಸೂಚಿಸುತ್ತಾನೆ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಆ ದಾರಿ ರಾಜಾಜ್ಞೆಯ ದೃಷ್ಟಿಯಲ್ಲಿ ಸೈನಿಕನಿಗೂ ಮುದುಕನಿಗೂ ಹಾಲು ಕುಡಿಯುವ ಕೂಸಿಗೂ ಒಂದೇ ಉದ್ದ. ಆಜ್ಞೆಯಲ್ಲಿ ಕ್ರೌರ್ಯದ ಉದ್ದೇಶವಿರಲಿಲ್ಲ. ಅಲ್ಲಿ ಇದ್ದದ್ದು ಒಂದು ಸರಾಸರಿ ಮನುಷ್ಯ.

ಸರಾಸರಿ ಮನುಷ್ಯನು ಆಡಳಿತದ ಕಡತದಲ್ಲಿ ಹೇಗೆ ಹುಟ್ಟುತ್ತಾನೆ ಎಂಬುದಕ್ಕೆ ಈಚಿನ ನಿದರ್ಶನವೊಂದು ಆಸ್ಟ್ರೇಲಿಯಾದಲ್ಲಿದೆ. ‘ರೋಬೊಡೆಟ್’ ಎಂಬ ಅಡ್ಡಹೆಸರಿನಿಂದ ಕುಖ್ಯಾತವಾದ ಯೋಜನೆ ಅಲ್ಲಿ 2015ರಲ್ಲಿ ರೂಪುಗೊಂಡು, 2016ರಿಂದ ಗಣಕದ ಮೂಲಕ ವ್ಯಾಪಕವಾಗಿ ಜಾರಿಯಾಯಿತು. ನಿರುದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಕೊಡುವ ಸಹಾಯಧನವನ್ನು ಅಲ್ಲಿ ಹದಿನೈದು ದಿನಗಳಿಗೊಮ್ಮೆ, ಆ ಅವಧಿಯ ಗಳಿಕೆಯನ್ನು ನೋಡಿ ನಿರ್ಧರಿಸಲಾಗುತ್ತದೆ. ಆದರೆ ತೆರಿಗೆ ಇಲಾಖೆಯ ಬಳಿ ಇದ್ದದ್ದು ವರ್ಷದ ಆದಾಯದ ಮೊತ್ತ. ಯಂತ್ರವು ಆ ಮೊತ್ತವನ್ನು ವರ್ಷದ ಪಕ್ಷಗಳಿಗೆ ಸಮನಾಗಿ ಹಂಚಿತು. ಉದಾಹರಣೆಗೆ ಒಬ್ಬ ವಿದ್ಯಾರ್ಥಿನಿ ವರ್ಷದ ಮೊದಲ 13 ಪಕ್ಷ ಕೆಲಸವಿಲ್ಲದೆ ಸಹಾಯಧನ ಪಡೆದು, ಉಳಿದ 13 ಪಕ್ಷ ದುಡಿದು ಒಟ್ಟು 13,000 ಡಾಲರ್ ಗಳಿಸಿದಳೆಂದು ಇಟ್ಟುಕೊಳ್ಳಬಹುದು. ಯಂತ್ರದ ಕಣ್ಣಿಗೆ ಅವಳು ವರ್ಷವಿಡೀ 26 ಪಕ್ಷಗಳಲ್ಲಿಯೂ ತಲಾ 500 ಡಾಲರ್ ಗಳಿಸಿದವಳು. ಆದ್ದರಿಂದ ಕೆಲಸವಿಲ್ಲದ ದಿನಗಳಲ್ಲಿ ಪಡೆದ ಸಹಾಯಧನ ಅಧಿಕವಾಯಿತು, ಅದು ಸಾಲ, ಅದನ್ನು ಹಿಂತಿರುಗಿಸಬೇಕು. ತಪ್ಪೆಂದು ಸಾಧಿಸುವ ಭಾರ ಅವಳದೇ. ಹಲವು ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತರಬೇಕು.

ಈ ಯಂತ್ರವನ್ನು ಕೃತಕ ಬುದ್ಧಿಮತ್ತೆ ಎಂದು ಕರೆಯುವುದು ಅತಿಯಾದೀತು. ಅದು ಮಾಡಿದ್ದು ಪ್ರಾಥಮಿಕ ಶಾಲೆಯ ಭಾಗಾಕಾರ. ನಿದರ್ಶನವಾಗಿ ಅದರ ಮೌಲ್ಯವೂ ಅಲ್ಲಿಯೇ ಇದೆ. ಕಲಿಯುವ ಯಂತ್ರಗಳಲ್ಲಿ ಸರಾಸರಿಯು ಸಹಸ್ರ ಪದರಗಳ ಹಿಂದೆ ಅಡಗಿರುತ್ತದೆ, ಇಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ. 2023ರ ಜುಲೈನಲ್ಲಿ ವರದಿ ಸಲ್ಲಿಸಿದ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ ಈ ಯೋಜನೆಯನ್ನು ಅನ್ಯಾಯವೆಂದೂ ಕಾನೂನುಬಾಹಿರವೆಂದೂ ತೀರ್ಮಾನಿಸಿತು. ಆದಾಯವನ್ನು ಹೀಗೆ ಹಂಚುವುದಕ್ಕೆ ಕಾನೂನಿನ ಬೆಂಬಲವಿಲ್ಲವೆಂಬ ಸಲಹೆ 2014ರಲ್ಲಿಯೇ ಇಲಾಖೆಯೊಳಗೆ ಇತ್ತು. ಮೇಲ್ಮನವಿ ನ್ಯಾಯಮಂಡಳಿಯು 2017ರಲ್ಲಿ ಕೆಲವು ಪ್ರಕರಣಗಳಲ್ಲಿ ಅದನ್ನೇ ಹೇಳಿತ್ತು. ಮಾಹಿತಿಯ ಕೊರತೆ ಇರಲಿಲ್ಲ. ಫೆಡರಲ್ ನ್ಯಾಯಾಲಯದಲ್ಲಿ 2019ರ ನವೆಂಬರಿನಲ್ಲಿ ಒಂದು ಪ್ರಕರಣ ಸರಕಾರದ ವಿರುದ್ಧ ಇತ್ಯರ್ಥವಾದ ಮೇಲೆ, 2020ರ ಮೇ ತಿಂಗಳಲ್ಲಿ, ಸುಮಾರು 3,73,000 ಜನರಿಗೆ 72.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಮರಳಿಸುವುದಾಗಿ ಸರಕಾರ ಪ್ರಕಟಿಸಿತು. ಅಷ್ಟರೊಳಗೆ ಕೆಲವರು ಬದುಕಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಆಯೋಗದ ಮುಂದೆ ಸಾಕ್ಷ್ಯ ನುಡಿದರು.

ಸರಾಸರಿ ತೆಗೆಯುವುದೆಂದರೆ ಒಂದು ಬದುಕಿನಿಂದ ಕಾಲವನ್ನು ಕಿತ್ತುಹಾಕುವುದು. ಮೊದಲು ಕೆಲಸವಿರಲಿಲ್ಲ, ಆಮೇಲೆ ಸಿಕ್ಕಿತು ಎಂಬ ‘ಮೊದಲು’ ಮತ್ತು ‘ಆಮೇಲೆ’ ಅಲ್ಲಿ ಅಳಿಸಿಹೋಗುತ್ತವೆ. ಕಥನವೆಂಬುದು ಹುಟ್ಟುವುದೇ ಈ ಎರಡು ಪದಗಳಿಂದ. ಸಾಹಿತ್ಯದ ಅಭ್ಯಾಸವು ಆಡಳಿತಗಾರನಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ‘ಸಂವೇದನಾಶೀಲತೆ’ ಎಂಬ ಸಡಿಲ ಉತ್ತರಕ್ಕಿಂತ ಇದು ಹೆಚ್ಚು ಖಚಿತವಾದದ್ದು: ಒಂದು ಸಂಖ್ಯೆಯನ್ನು ಕಂಡಾಗ ಅದರೊಳಗಿನ ಅನುಕ್ರಮವನ್ನು ಕೇಳುವ ಅಭ್ಯಾಸ. ಈ ಅಭ್ಯಾಸವಿದ್ದ ಒಬ್ಬ ಮೇಲಧಿಕಾರಿ ಆ ಭಾಗಾಕಾರವನ್ನು ನೋಡಿದ್ದರೆ, ‘ಈ ಹಣ ಯಾವಾಗ ಬಂತು?’ ಎಂದು ಕೇಳಬಹುದಾಗಿತ್ತು. ಆ ಪ್ರಶ್ನೆಗೆ ವಿಶೇಷ ಜಾಣತನವೇನೂ ಬೇಡ. ಹೋಟೆಲಿನಲ್ಲೋ ಹಣ್ಣಿನ ತೋಟದಲ್ಲೋ ಸುಗ್ಗಿಯ ಮೇಲೆ ದುಡಿಯುವವರ ಬದುಕನ್ನು ಕಣ್ಣಾರೆ ಕಂಡವರಿಗೆ, ಅಥವಾ ಅಂಥವರ ಕಥೆಯನ್ನು ಗಮನವಿಟ್ಟು ಓದಿದವರಿಗೆ, ಅದು ಸಹಜವಾಗಿ ಹೊಳೆಯುತ್ತದೆ.

ಈ ಮಾತಿನ ಬೆಳಕಿನಲ್ಲಿ ನಾಟಕದ ಒಂದು ಮಿತಿಯನ್ನೂ ಹೇಳಬೇಕಾಗುತ್ತದೆ. ಬಿಡಾರದ ಆ ಹೆಂಗಸಿಗೆ ಕಾರ್ನಾಡರು ಹೆಸರು ಕೊಟ್ಟಿಲ್ಲ. ಅವಳು ಬಂದು, ಬೇಡಿ, ಹೋಗುತ್ತಾಳೆ. ಅಜೀಜನ ಚಾತುರ್ಯಕ್ಕೆ ದೊರೆತ ಅವಕಾಶದ ಅಲ್ಪಭಾಗವೂ ಅವಳಿಗೆ ದೊರೆತಿಲ್ಲ. ಸುಲ್ತಾನನ ದುರಂತಕ್ಕೆ ಮಾರುಹೋದ ರಂಗಭೂಮಿಯೂ ಅವಳನ್ನು ದಾರಿಯಲ್ಲಿ ಬಿಟ್ಟು ಮುಂದೆ ನಡೆದಿದೆ; ಸಿ.ಆರ್. ಸಿಂಹ ಅವರ ಅಭಿನಯದಿಂದ ಮೊದಲ್ಗೊಂಡು ಈ ನಾಟಕದ ಖ್ಯಾತಿ ಬೆಳೆದದ್ದೆಲ್ಲ ಸುಲ್ತಾನನ ಪಾತ್ರದ ಸುತ್ತಲೇ. ಮಾನವಿಕಗಳು ಕೂಡ ನಾಯಕರ ಕಥೆಗೇ ಹೆಚ್ಚು ಕಿವಿಗೊಡುತ್ತವೆ ಎಂಬ ಆಕ್ಷೇಪಕ್ಕೆ ಇಲ್ಲಿ ಆಧಾರವಿದೆ.

ಸುಲ್ತಾನನ ಮಾತುಗಾರಿಕೆಯ ಬಗೆಗೆ ವಿಮರ್ಶೆ ಸಾಕಷ್ಟು ಬರೆದಿದೆ. ಅವನಿಗೆ ತಿಳಿಯದ ಸತ್ಯವಿಲ್ಲ. ತಾಮ್ರದ ನಾಣ್ಯವನ್ನು ಸಮರ್ಥಿಸುತ್ತ, ಚೀನದಲ್ಲಿ ಕಾಗದದ ಹಣವೂ ನಡೆಯುತ್ತದೆ, ಎಲ್ಲವೂ ನಂಬಿಕೆಯ ಪ್ರಶ್ನೆ ಎಂಬರ್ಥದ ಮಾತನ್ನು ಅವನು ಅಮೀರರಿಗೆ ಹೇಳುತ್ತಾನೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಈ ಮಾತು ಸರಿ. ತನ್ನನ್ನು ನಂಬಿರೆಂದು ಅವರ ಮುಂದೆ ಅವನು ದೈನ್ಯದಿಂದ ಕೇಳಿಕೊಳ್ಳುವುದೂ ಉಂಟು. ಆದರೆ ಇಮಾಮುದ್ದೀನನ ಹೆಣದ ನಂತರ ಆ ಪದಕ್ಕೆ ನೆಲವಿಲ್ಲ. 2022ರ ಕೊನೆಯಿಂದ ಸಾರ್ವಜನಿಕ ಬಳಕೆಗೆ ಬಂದ ಭಾಷಾಯಂತ್ರಗಳು ನಂಬಿಕೆಯ ಬಗೆಗೆ, ಕರುಣೆಯ ಬಗೆಗೆ, ಹೊಣೆಗಾರಿಕೆಯ ಬಗೆಗೆ ಸುಸಂಬದ್ಧವಾದ ವಾಕ್ಯಗಳನ್ನು ಬೇಕಾದಷ್ಟು ರಚಿಸಬಲ್ಲವು. ಸಂತಾಪಸೂಚಕ ಪತ್ರವನ್ನೂ ಕ್ಷಮಾಯಾಚನೆಯನ್ನೂ ಬರೆದುಕೊಡಬಲ್ಲವು. ಆಡಿದ ಮಾತಿಗೆ ಆಡಿದವನು ಏನನ್ನು ತೆತ್ತಿದ್ದಾನೆ ಎಂದು ಪರೀಕ್ಷಿಸುವ ವಿದ್ಯೆ ಹಿಂದೆ ಸಾಹಿತ್ಯ ವಿಮರ್ಶೆಯ ಒಳಕೋಣೆಯ ವ್ಯವಹಾರವಾಗಿತ್ತು. ಈಗ ಅದು ಸಹಿ ಹಾಕುವ ಸ್ಥಾನದಲ್ಲಿರುವ ಪ್ರತಿಯೊಬ್ಬರ ದಿನನಿತ್ಯದ ಅಗತ್ಯವಾಗಿದೆ. ‘ತುಘಲಕ್’ ಆ ವಿದ್ಯೆಯನ್ನು ಕಲಿಸುವ ರೀತಿ ಸರಳ. ಸುಲ್ತಾನನು ಕಾಣದ ಅಜೀಜನನ್ನು ಪ್ರೇಕ್ಷಕನು ಮೊದಲ ದೃಶ್ಯದಿಂದಲೇ ಕಾಣುತ್ತಾನೆ. ಸುಂದರವಾದ ಘೋಷಣೆಯೂ ಅದರ ಹಿಂದಿನ ವೇಷವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನಾಟಕದ ಆರಂಭದಲ್ಲಿಯೇ ನ್ಯಾಯಾಲಯದ ಹೊರಗೆ ನಿಂತ ಜನ, ಮುದುಕ ತರುಣ ಹಿಂದೂ ಮುಸಲ್ಮಾನ ಎನ್ನದೆ, ಸುಲ್ತಾನನ ಒಂದೇ ಕೃತ್ಯಕ್ಕೆ ಬೇರೆ ಬೇರೆ ಅರ್ಥ ಹೇಳುತ್ತಿರುತ್ತಾರೆ. ಆ ಗೊಣಗಾಟವನ್ನು ಸುಲ್ತಾನನು ಒಮ್ಮೆಯೂ ಕಿವಿಯಾರೆ ಕೇಳುವುದಿಲ್ಲ.

ಕೊನೆಗೆ ಉಳಿಯುವವನು ಬರನಿ. ಸಿಂಹಾಸನದ ಪಕ್ಕದಲ್ಲಿ ಮಾನವಿಕಗಳ ಪ್ರತಿನಿಧಿ ಅವನೇ. ನಜೀಬನು ತಂತ್ರವನ್ನು ಹೇಳುವವನು, ಬರನಿ ಧರ್ಮವನ್ನು ನೆನಪಿಸುವವನು. ಇಬ್ಬರ ನಡುವೆ ಸುಲ್ತಾನನು ತೂಗಾಡುತ್ತಾನೆ ಎಂಬುದು ರೂಢಿಯ ವಿವರಣೆ. ವಾಸ್ತವವಾಗಿ ತೂಗಾಟ ಕಡಮೆ. ಬರನಿಯ ಮಾತನ್ನು ಸುಲ್ತಾನನು ಪ್ರೀತಿಯಿಂದ ಕೇಳುತ್ತಾನೆ, ಮೆಚ್ಚುತ್ತಾನೆ, ಆಮೇಲೆ ತಾನು ನಿರ್ಧರಿಸಿದ್ದನ್ನೇ ಮಾಡುತ್ತಾನೆ. ಆಸ್ಥಾನದಲ್ಲಿ ಬರನಿ ಇದ್ದಾನೆಂಬ ಸಂಗತಿಯೇ ಸುಲ್ತಾನನಿಗೆ ತನ್ನ ಅಂತಃಕರಣ ಇನ್ನೂ ಸತ್ತಿಲ್ಲವೆಂಬ ಪ್ರಮಾಣಪತ್ರವಾಗುತ್ತದೆ. ಯಂತ್ರಬುದ್ಧಿಯನ್ನು ನಿರ್ಮಿಸುವ ಸಂಸ್ಥೆಗಳಲ್ಲಿಯೂ ಬಳಸುವ ಸರಕಾರಗಳಲ್ಲಿಯೂ ಇಂದು ನೀತಿಸಲಹೆಗಾರರ ಹುದ್ದೆಗಳಿವೆ, ಸಮಿತಿಗಳಿವೆ. ತತ್ತ್ವಶಾಸ್ತ್ರದ ಪದವೀಧರರಿಗೆ ಅಲ್ಲಿ ಅವಕಾಶ ದೊರೆಯುವುದು ಸಂತೋಷದ ವಿಷಯವೇ. ಆ ಹುದ್ದೆಗೆ ತಡೆಯುವ ಅಧಿಕಾರವಿದೆಯೋ ಅಥವಾ ಮೆಚ್ಚುಗೆ ಪಡೆಯುವ ಅವಕಾಶ ಮಾತ್ರವಿದೆಯೋ ಎಂಬ ಪ್ರಶ್ನೆಯನ್ನು ಬರನಿಯ ಪಾತ್ರ ಎತ್ತುತ್ತದೆ. ಕೊನೆಯ ದೃಶ್ಯದಲ್ಲಿ ಅಜೀಜನಿಗೆ ಶಿಕ್ಷೆಯಾಗಬೇಕೆಂದು ಬರನಿ ಹೇಳುತ್ತಾನೆ. ಸುಲ್ತಾನನು ಅವನನ್ನು ದಕ್ಷಿಣದಲ್ಲಿ ಅಧಿಕಾರಿಯಾಗಿ ನೇಮಿಸುತ್ತಾನೆ. ಬಳಿಕ ಬರನಿಯು ತಾಯಿಯ ಸಾವಿನ ನೆಪದಲ್ಲಿ ಅಪ್ಪಣೆ ಪಡೆದು ಹೊರಡುತ್ತಾನೆ. ಅವನ ಹಿಂದೆ ಸುಲ್ತಾನನು ಸಿಂಹಾಸನದ ಮೇಲೆಯೇ ನಿದ್ದೆಹೋಗುತ್ತಾನೆ.

ಚರಿತ್ರೆಯ ಜಿಯಾಉದ್ದೀನ್ ಬರನಿ ಹದಿನೇಳು ವರ್ಷ ಮಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿದ್ದವನು. ಮುಪ್ಪಿನಲ್ಲಿ, ಅನುಗ್ರಹ ಕಳೆದುಕೊಂಡು ಬಡತನದಲ್ಲಿ ಕುಳಿತು ಬರೆದ ‘ತಾರೀಖ್-ಇ-ಫಿರೋಜ್ ಶಾಹಿ’ಯಲ್ಲಿ ಅವನು ತನ್ನಂಥವರು ಆಸೆಯಿಂದಲೂ ಅಂಜಿಕೆಯಿಂದಲೂ ಸುಲ್ತಾನನಿಗೆ ಸತ್ಯವನ್ನು ಹೇಳದೆ ಉಳಿದದ್ದನ್ನು ಪಶ್ಚಾತ್ತಾಪದೊಂದಿಗೆ ದಾಖಲಿಸಿದ್ದಾನೆ. ಗ್ರಂಥ ಮುಗಿದದ್ದು 1357ರಲ್ಲಿ. ಸುಲ್ತಾನನು ತೀರಿಕೊಂಡು ಆಗಲೇ ಆರು ವರ್ಷಗಳಾಗಿದ್ದವು.